ತೊಂಬತ್ತೆಂಟು ಪಾಯಿಂಟ್ ನಾಲ್ಕು

ಎಡಭುಜದ ಕೆಳಗೆ, ಚರ್ಮದ ಒಳಗೆ, ಕಡಲೆಕಾಳಿನಷ್ಟು ದೊಡ್ಡ ಗುಳಿಗೆಯೊಂದನ್ನು ಇಡಿಸಿಕೊಂಡ ಮೇಲೆ ದ್ಯಾಮಣ್ಣ ಗಾಣಿಗೇರ ಕೇಳಿದ ಮೊದಲ ಪ್ರಶ್ನೆ, "ನಾಳೆ ಗಿರಣಿ ಚಾಲೂ ಮಾಡಬೌದೇನ್ರಿ?" ಎಂದು.

ಡಾಕ್ಟರ್ ಪ್ರಮೀಳಾ ಹೊಂಬಳ ನಕ್ಕರು. ಹುಬ್ಬಳ್ಳಿಯ ಹೊರವಲಯದ ಆ ಸಂಶೋಧನಾ ಆಸ್ಪತ್ರೆಯಲ್ಲಿ 'ಶಮಕ' ಎಂಬ ಆ ಗುಳಿಗೆಯನ್ನು ಅದುವರೆಗೆ ನಲವತ್ತೊಂದು ಜನರಿಗೆ ಅಳವಡಿಸಿದ್ದರು. ಅದನ್ನು ರೂಪಿಸಲು ಪ್ರಮೀಳಾ ಹದಿನೈದು ವರ್ಷ ಕಳೆದಿದ್ದರು. ಆದರೆ ಇಷ್ಟು ಅವಸರದ ರೋಗಿಯನ್ನು ಕಂಡಿರಲಿಲ್ಲ.

"ನಾಳೆ ಬ್ಯಾಡ್ರಿ. ಒಂದು ವಾರ ಬಿಡ್ರಿ" ಎಂದರು.

ದ್ಯಾಮಣ್ಣನಿಗೆ ನಲವತ್ತಾರು ವರ್ಷ. ಬೆಟಗೇರಿಯ ಓಣಿಯೊಂದರಲ್ಲಿ ಮನೆಗೆ ಹೊಂದಿಕೊಂಡೇ ಅವನ ಹಿಟ್ಟಿನ ಗಿರಣಿ. ಚಿಕ್ಕಂದಿನಲ್ಲಿ ಮೈ ಸೇರಿದ್ದ ಕಾಮಾಲೆಯ ವೈರಸ್ಸು ಮೂವತ್ತು ವರ್ಷ ಸದ್ದಿಲ್ಲದೆ ಲಿವರನ್ನು ಕೆರೆಯುತ್ತ ಕೂತಿತ್ತು. ಕೊನೆಗೆ ಅಲ್ಲಿ ಗಡ್ಡೆಗಳೆದ್ದವು. ದೊಡ್ಡದನ್ನು ಕತ್ತರಿಸಿ ತೆಗೆದಿದ್ದರು. ಕೈಗೆಟುಕದ ಜಾಗದಲ್ಲಿದ್ದ ಎರಡು ಸಣ್ಣವು ಹಾಗೇ ಉಳಿದಿದ್ದವು.

ಹಾಸಿಗೆಯ ಸುತ್ತ ಅವನ ಹೆಂಡತಿ ಕಸ್ತೂರೆವ್ವ, ತಾಯಿ ನಿಂಬೆವ್ವ, ಒಂಬತ್ತನೆಯ ತರಗತಿಯ ಮಗಳು ಪೂರ್ಣಿ ನಿಂತಿದ್ದರು. ಪ್ರಮೀಳಾ ಸ್ಟೂಲು ಎಳೆದುಕೊಂಡು ಕೂತು ಹೇಳತೊಡಗಿದರು.

"ಮೈಯಾಗ ಎಲ್ಲೆರ ಗಾಯ ಆತಂದ್ರ ಅಲ್ಲಿನ ಜೀವಕೋಶಗಳು ಒಂದು ಕೂಗು ಹಾಕ್ತಾವ. 'ಇಲ್ಲಿ ಪೆಟ್ಟಾಗೇದ, ಬರ್ರಿ' ಅಂತ. ಆ ಕೂಗು ಅಂದ್ರ ಒಂದು ಸಣ್ಣ ಪ್ರೋಟೀನು. ಇಂಟರ್‌ಲ್ಯೂಕಿನ್-ಆರು ಅಂತ ಅದರ ಹೆಸರು. ರಕ್ತದಾಗ ಹರದಾಡತದ. ಅದನ್ನ ಕೇಳಿ ಕ್ರಿಮಿ ಕೊಲ್ಲೋ ಕೋಶಗಳು ಬರ್ತಾವ, ಹರದದ್ದನ್ನ ಹೊಲಿಯೋವು ಬರ್ತಾವ, ಹೊಸಾ ರಕ್ತನಾಳ ಕಟ್ಟೋವು ಬರ್ತಾವ. ಅದಕ್ಕ ಗಾಯ ಕೆಂಪಾಗತದ, ಬಾಯತದ, ಬಿಸಿ ಆಗತದ. ಗಾಯ ಮಾಯ್ದ ಮ್ಯಾಲೆ ಕೂಗು ನಿಲ್ಲಬೇಕು. ನಿಮ್ಮ ಲಿವರ್‌ನಾಗ ಮೂವತ್ತು ವರ್ಷ ಅದು ನಿಂತೇ ಇಲ್ಲ. ಗಡ್ಡಿ ಆ ಕೂಗನ್ನ ಕಲ್ತುಬಿಟ್ಟದ. ತಾನೇ ಕೂಗತದ. ಕಟ್ಟೋವು ಬಂದು ಅದಕ್ಕ ರಕ್ತನಾಳ ಕಟ್ಟಿಕೊಟ್ಟು ಬೆಳಸ್ತಾವ."

"ಕಳ್ಳ ಅದು" ಎಂದಳು ನಿಂಬೆವ್ವ.

"ಹೌದ್ರಿ. ಈ ಗುಳಿಗ್ಯಾಗ ನಾವು ತಯಾರು ಮಾಡಿದ ಜೀವಕೋಶ ಅದಾವ. ಅವು ರಾತ್ರಿ ಹಗಲು ಆ ಕೂಗನ್ನ ಹೀರಿಕೊಳ್ಳತಾವ. ಗಡ್ಡಿ ಎಷ್ಟು ಕೂಗಿದರೂ ಯಾರಿಗೂ ಕೇಳಂಗಿಲ್ಲ. ಬೆಳೀಲಿಕ್ಕೆ ಆಗದೇ ಮಲಗತದ."

ಪೂರ್ಣಿ ತಲೆ ಓರೆ ಮಾಡಿ ಕೇಳಿದಳು. "ಖರೇ ಗಾಯ ಆದ್ರ ಅದರ ಕೂಗನ್ನೂ ಹೀರತೈತೇನ್ರಿ?"

"ಸ್ವಲ್ಪ ಹೀರತದ. ಗಾಯ ಮಾಯೂದು ನಿಧಾನ ಆಗತದ. ಅದಕ್ಕ ಅಪ್ಪನ್ನ ಜ್ವಾಕ್ಯಾಗಿ ನೋಡ್ಕೋಬೇಕು" ಎಂದು ಪ್ರಮೀಳಾ ಹುಡುಗಿಯ ಕೈಗೆ ಒಂದು ಥರ್ಮಾಮೀಟರು, ಒಂದು ಹಾಳೆ ಕೊಟ್ಟರು.

ಹಾಳೆಯಲ್ಲಿ ಹತ್ತು ಸೂಚನೆಗಳಿದ್ದವು. ಕೀಮೋಥೆರಪಿ ವಿಭಾಗದಲ್ಲಿ ವರ್ಷಗಳಿಂದ ಕೊಡುತ್ತಿದ್ದ ಹಾಳೆಯೇ ಅದು. ಔಷಧದ ಹೆಸರನ್ನಷ್ಟೇ ಬದಲಾಯಿಸಿ ಶಮಕದ ರೋಗಿಗಳಿಗೂ ಮುದ್ರಿಸಿದ್ದರು. ನಾಲ್ಕನೆಯ ಸೂಚನೆ ಹೀಗಿತ್ತು: 'ದಿನಕ್ಕೆ ಮೂರು ಸಲ ಜ್ವರ ನೋಡಿ ಬರೆದಿಡಿ. ನೂರು ದಾಟಿದರೆ ತಡಮಾಡದೆ ಆಸ್ಪತ್ರೆಗೆ ಬನ್ನಿ. ಜ್ವರವಿಲ್ಲದಿದ್ದರೆ ಗಾಬರಿಪಡಬೇಕಿಲ್ಲ.' ಕೆಳಗೆ ಪ್ರಮೀಳಾ ಅವರ ಸಹಿಯಿತ್ತು.

ಏಳು ತಿಂಗಳು ಎಲ್ಲವೂ ಅಂದುಕೊಂಡದ್ದಕ್ಕಿಂತ ಚೆನ್ನಾಗಿಯೇ ನಡೆಯಿತು. ಮೂರನೆಯ ತಿಂಗಳ ಸ್ಕ್ಯಾನಿನಲ್ಲಿ ಗಡ್ಡೆಗಳು ಬೆಳೆದಿರಲಿಲ್ಲ. ಆರನೆಯ ತಿಂಗಳಿಗೆ ಒಂದು ಕುಗ್ಗಿತ್ತು. ದ್ಯಾಮಣ್ಣನ ಕೆನ್ನೆ ತುಂಬಿಕೊಂಡವು. ಜೋಳದ ಡಬ್ಬಿ ಹೊತ್ತು ಬರುವ ಹೆಂಗಸರ ಜತೆ ಮೊದಲಿನಂತೆ ತಮಾಷೆ ಮಾಡತೊಡಗಿದ. ಪೂರ್ಣಿ ಬೆಳಿಗ್ಗೆ ಶಾಲೆಗೆ ಹೋಗುವ ಮುಂಚೆ, ಸಂಜೆ ಬಂದ ಕೂಡಲೇ, ಊಟವಾದ ಮೇಲೆ ಅಪ್ಪನ ಕಂಕುಳಲ್ಲಿ ಥರ್ಮಾಮೀಟರು ಇಡುತ್ತಿದ್ದಳು. ಅದು ಕೂಗುವವರೆಗೆ ಅವನಿಗೆ ಅಲ್ಲಾಡಲು ಬಿಡುತ್ತಿರಲಿಲ್ಲ. ಒಂದು ನೂರು ಪುಟದ ನೋಟ್‌ಬುಕ್ಕಿನಲ್ಲಿ ತಾರೀಖು, ಹೊತ್ತು, ಅಂಕಿ ಬರೆಯುತ್ತಿದ್ದಳು. 98.4, 98.2, 98.4.

"ಶಾಲ್ಯಾಗ ಇಷ್ಟು ಚೆಂದ ಬರದ್ರ ಫಸ್ಟ್ ಬರ್ತಿದ್ದಿ" ಎಂದು ದ್ಯಾಮಣ್ಣ ಛೇಡಿಸುತ್ತಿದ್ದ.

ಅಕ್ಟೋಬರಿನ ಒಂದು ಸೋಮವಾರ ಗಿರಣಿಯ ಬೆಲ್ಟು ಸರಿಮಾಡುವಾಗ ಅವನ ಬಲಗಾಲಿಗೆ ತಗಡಿನ ಚೂರು ಚುಚ್ಚಿತು. ಹಿಮ್ಮಡಿಯ ಪಕ್ಕ ಒಂದು ಇಂಚು ಗಾಯ. ಕಸ್ತೂರೆವ್ವ ತೊಳೆದು, ಮುಲಾಮು ಹಚ್ಚಿ ಪಟ್ಟಿ ಕಟ್ಟಿದಳು. ಓಣಿಯ ದವಾಖಾನೆಯಲ್ಲಿ ಧನುರ್ವಾತದ ಇಂಜೆಕ್ಷನ್ನೂ ಆಯಿತು. ಮಂಗಳವಾರ, ಬುಧವಾರ ಪಟ್ಟಿ ಬಿಚ್ಚಿ ನೋಡಿದಾಗ ಗಾಯ ಕೆಂಪಾಗಿರಲಿಲ್ಲ, ಕೀವಾಗಿರಲಿಲ್ಲ, ಬಾತಿರಲಿಲ್ಲ. ಒತ್ತಿದರೂ ಅವನಿಗೆ ಅಂಥ ನೋವಿರಲಿಲ್ಲ.

"ನೋಡ್ರಿ ಅತ್ತಿ, ಎಷ್ಟು ಸ್ವಚ್ಛ ಐತಿ" ಎಂದು ಕಸ್ತೂರೆವ್ವ ಅತ್ತೆಯನ್ನು ಕರೆದು ತೋರಿಸಿದಳು.

ಗುರುವಾರ ದ್ಯಾಮಣ್ಣ ಎರಡು ರೊಟ್ಟಿಯಲ್ಲಿ ಒಂದನ್ನು ಬಿಟ್ಟು ಎದ್ದ. ಶುಕ್ರವಾರ ಗಿರಣಿಗೆ ಬಂದರೂ ಜೋಳದ ಚೀಲ ಎತ್ತಲಾಗದೆ ಕಟ್ಟೆಯ ಮೇಲೆ ಕೂತ. ಶನಿವಾರ ಏಳಲೇ ಇಲ್ಲ. "ಮೈ ಭಾರ ಅನಸಾಕತ್ತೈತಿ" ಎಂದ. ನಿಂಬೆವ್ವ ಅವನ ಹಣೆ, ಕುತ್ತಿಗೆ ಮುಟ್ಟಿ ನೋಡಿದಳು. ತಣ್ಣಗಿತ್ತು. ಪೂರ್ಣಿಯ ಥರ್ಮಾಮೀಟರು 98.4 ಎಂದಿತು.

"ದವಾಖಾನಿಗೆ ಹೋಗೂಣೇನ್ರಿ?" ಎಂದು ಕಸ್ತೂರೆವ್ವ ಕೇಳಿದಳು.

"ಜ್ವರಾ ಇಲ್ಲ, ಏನಿಲ್ಲ. ಹಾಳ್ಯಾಗ ಬರದೈತಲ್ಲ. ಸುಮ್ನ ಅಷ್ಟು ದೂರ ಹೋಗಿ ಏನ ಹೇಳೂಣು?" ಎಂದ ದ್ಯಾಮಣ್ಣ.

ಅದೇ ಶನಿವಾರ ಮಧ್ಯಾಹ್ನ ಆಸ್ಪತ್ರೆಯ ಎರಡನೆಯ ಮಹಡಿಯ ನಿಯಂತ್ರಣ ಕೊಠಡಿಯಲ್ಲಿ ತಂತ್ರಜ್ಞ ಅಸ್ಲಂ ಪರದೆಗಳ ಮುಂದೆ ಕೂತಿದ್ದ. ಗುಳಿಗೆಗಳು ತಾಸಿಗೊಮ್ಮೆ ಕಳಿಸುವ ಮಾಹಿತಿ ಅಲ್ಲಿಗೆ ಬರುತ್ತಿತ್ತು. ಪ್ರತಿ ರೋಗಿಗೂ ಮೂರು ಗೆರೆ: ಮೈಯ ತಾಪ, ನಾಡಿ, ಮತ್ತು ರಕ್ತದಲ್ಲಿ ಉರಿಯೂತ ಎಷ್ಟಿದೆ ಎಂದು ತೋರಿಸುವ ಸಿಆರ್‌ಪಿ. ತಾಪ ಇಲ್ಲವೇ ಸಿಆರ್‌ಪಿ ಏರಿದರೆ ಮಾತ್ರ ಗಂಟೆ ಬಾರಿಸುವಂತೆ ಯಂತ್ರವನ್ನು ಹೊಂದಿಸಿದ್ದರು.

"ಮೇಡಂ, ನಲವತ್ತೆರಡನೇ ಪೇಷಂಟ್‌ದು ನಾಡಿ ನೂರಾ ಹದಿನೆಂಟು ತೋರಸಾಕತ್ತದ ನೋಡ್ರಿ. ನಿನ್ನೆಯಿಂದ ಏರತಾನೇ ಅದ" ಎಂದ ಅಸ್ಲಂ.

ಪ್ರಮೀಳಾ ಅವನ ಹೆಗಲ ಮೇಲಿಂದ ಬಾಗಿ ನೋಡಿದರು. ತಾಪದ ಗೆರೆ ಸಮ. ಸಿಆರ್‌ಪಿಯ ಗೆರೆ ನೆಲಕ್ಕಂಟಿತ್ತು.

"ಗಿರಣಿ ಮನಷಾ ಅಂವ. ಚೀಲ ಹೊತ್ತಿರಬೇಕು. ಒಂದು ಫೋನ್ ಮಾಡಿ ಕೇಳು."

ಅಸ್ಲಂ ಫೋನು ಮಾಡಿದ. ಕಸ್ತೂರೆವ್ವ ಎತ್ತಿಕೊಂಡಳು. ಜ್ವರ ಇದೆಯೇ ಎಂದು ಕೇಳಿದ.

"ಇಲ್ರಿ. ಮುಂಜಾನೆನೂ ನೋಡೇವಿ, ಈಗೂ ನೋಡೇವಿ. ಸುಸ್ತ ಅಂತಾರ, ಅಷ್ಟ."

"ಜ್ವರ ಇಲ್ಲಂದ್ರ ಸರಿ ಬಿಡ್ರಿ. ಆರಾಮ ಮಾಡಲಿ. ಸೋಮವಾರ ಮತ್ತ ಫೋನ್ ಹಚ್ಚತೀನಿ" ಎಂದ ಅಸ್ಲಂ.

ಭಾನುವಾರ ಬೆಳಿಗ್ಗೆ ದ್ಯಾಮಣ್ಣ ಮಗಳನ್ನು ತನ್ನ ತಂಗಿಯ ಹೆಸರಿನಿಂದ ಕರೆದ. ಎಂದೋ ತೀರಿಹೋದ ಅಪ್ಪ ಬಂದನೇ ಎಂದು ಕೇಳಿದ. ಕೈಕಾಲು ಕಲ್ಲಿನಂತೆ ತಣ್ಣಗಿದ್ದವು. ಆಂಬುಲೆನ್ಸು ಹುಬ್ಬಳ್ಳಿ ಮುಟ್ಟುವ ಹೊತ್ತಿಗೆ ರಕ್ತದೊತ್ತಡ ಯಂತ್ರಕ್ಕೆ ಸಿಗುತ್ತಿರಲಿಲ್ಲ. ಕಾಲಿನ ಪಟ್ಟಿ ಬಿಚ್ಚಿ, ಆ ಸ್ವಚ್ಛ ಗಾಯವನ್ನು ಸ್ವಲ್ಪ ಕೊಯ್ದಾಗ ಮೊಣಕಾಲಿನವರೆಗೂ ಮಾಂಸ ಬೂದುಬಣ್ಣಕ್ಕೆ ತಿರುಗಿದ್ದು ಕಂಡಿತು. ರಕ್ತದ ತುಂಬ ಬ್ಯಾಕ್ಟೀರಿಯಾ ಸೇರಿದ್ದವು. ಸೋಮವಾರ ಬೆಳಗಿನ ಏಳೂವರೆಗೆ ದ್ಯಾಮಣ್ಣ ತೀರಿಕೊಂಡ. ಆಗಲೂ ನರ್ಸು ಬರೆದ ತಾಪ ತೊಂಬತ್ತೆಂಟರ ಆಸುಪಾಸಿನಲ್ಲೇ ಇತ್ತು.

ಶವವನ್ನು ಒಯ್ಯುವಾಗ ಕಸ್ತೂರೆವ್ವ ಪ್ರಮೀಳಾ ಅವರ ಮುಂದೆ ನಿಂತು ನೋಟ್‌ಬುಕ್ಕು ತೋರಿಸಿದಳು.

"ಎಲ್ಲಾ ಬರದೇವ್ರಿ ಅಕ್ಕಾರ. ಒಂದೂ ತಪ್ಪಿಸಿಲ್ಲ" ಎಂದಳು.

ಪ್ರಮೀಳಾ ಪುಟ ತಿರುವಿದರು. ಏನು ಹೇಳಿದರೆಂದು ಅವರಿಗೇ ಆಮೇಲೆ ನೆನಪಾಗಲಿಲ್ಲ.

ಮೂರು ದಿನ ಅವರು ಪ್ರಯೋಗಾಲಯದಲ್ಲಿ ದ್ಯಾಮಣ್ಣನ ಮೈಯಿಂದ ತೆಗೆದ ಗುಳಿಗೆಯನ್ನೇ ಪರೀಕ್ಷಿಸಿದರು. ಎಲ್ಲೋ ಒಡೆದಿರಬೇಕು, ಸೋರಿರಬೇಕು ಎಂದು ಹುಡುಕಿದರು. ಒಡೆದಿರಲಿಲ್ಲ. ಅದು ತನ್ನ ಕೆಲಸವನ್ನು ಚಾಚೂ ತಪ್ಪದೆ ಮಾಡಿತ್ತು. ನಾಲ್ಕನೆಯ ದಿನ ಅಸ್ಲಂ ಬಾಗಿಲಲ್ಲಿ ನಿಂತ. ಅವನೂ ಸರಿಯಾಗಿ ಉಂಡಿರಲಿಲ್ಲ.

"ಮೇಡಂ, ಒಂದು ಕೇಳಲೇನ್ರಿ? ಮನಷಾರಿಗೆ ಜ್ವರಾ ತರಸೋದು ಯಾವುದು?"

"ಮಿದುಳಿಗೆ ಸುದ್ದಿ ಮುಟ್ಟಬೇಕು. ಇಂಟರ್‌ಲ್ಯೂಕಿನ್-ಆರು..." ಎಂದು ಶುರುಮಾಡಿದ ಪ್ರಮೀಳಾ ಅಲ್ಲಿಗೇ ನಿಂತರು.

ಅದು ಅವರಿಗೆ ಗೊತ್ತಿರದ ವಿಷಯವಲ್ಲ. ಎಂ.ಬಿ.ಬಿ.ಎಸ್. ಎರಡನೆಯ ವರ್ಷದ ಪಾಠ. ಅದೇ ಕೂಗು ಮಿದುಳಿಗೆ ಮುಟ್ಟಿದರೆ ಜ್ವರ ಬರುತ್ತದೆ, ಲಿವರಿಗೆ ಮುಟ್ಟಿದರೆ ಸಿಆರ್‌ಪಿ ಏರುತ್ತದೆ. ಕೂಗನ್ನೇ ಹೀರಿದ ಮೇಲೆ ಎರಡೂ ಏಳುವುದಿಲ್ಲ. ಪ್ರಮೀಳಾ ತಮ್ಮದೇ ಪ್ರಬಂಧವೊಂದರಲ್ಲಿ ಇದನ್ನು ಎರಡು ಸಾಲು ಬರೆದಿದ್ದರು. ಶಮಕದ ತಂಡದಲ್ಲಿದ್ದ ಆರೂ ಡಾಕ್ಟರುಗಳಿಗೆ ಇದು ಗೊತ್ತಿತ್ತು. ಆದರೆ ಗೊತ್ತಿದ್ದವರು ಯಾರೂ ಆ ಹಾಳೆಯನ್ನು ರೋಗಿಯ ಮನೆಯವರಂತೆ ಕೂತು ಓದಿರಲಿಲ್ಲ. ಬರಲು ಸಾಧ್ಯವೇ ಇಲ್ಲದ ಜ್ವರಕ್ಕೆ ಕಾಯಿರಿ ಎಂದು ಅವರು ಸಹಿ ಮಾಡಿ ಕೊಟ್ಟಿದ್ದರು. ತಾವೂ ಗಂಟೆ ಬಾರಿಸಲಾಗದ ಯಂತ್ರದ ಮುಂದೆ ಕೂತಿದ್ದರು.

"ಎಲ್ಲಾರಿಗೂ ಫೋನ್ ಹಚ್ಚು. ನಲವತ್ತೊಂದು ಮಂದೀನೂ ಇವತ್ತ ಬರಬೇಕು. ಜ್ವರದ ಮಾತೇ ಎತ್ತಬ್ಯಾಡ. ಸುಸ್ತ ಅದನೋ, ಊಟ ಬಿಟ್ಟಾರೋ ಕೇಳು" ಎಂದರು.

ಸಂಜೆಯೊಳಗೆ ಮೂವತ್ತನಾಲ್ಕು ಜನ ಬಂದರು, ಮರುದಿನ ಉಳಿದವರು. ಮೂವರ ಮೈಯಲ್ಲಿ ಸದ್ದಿಲ್ಲದ ಸೋಂಕು ಸಿಕ್ಕಿತು. ಇಬ್ಬರಿಗೆ ಪುಪ್ಪುಸದಲ್ಲಿ, ಒಬ್ಬಳಿಗೆ ಹಲ್ಲಿನ ಬುಡದಲ್ಲಿ. ಆ ಮೂವರ ಗುಳಿಗೆ ತೆಗೆದು ಔಷಧ ಕೊಟ್ಟರು. ಇಬ್ಬರು ಉಳಿದರು. ಪುಪ್ಪುಸದ ಸೋಂಕಿದ್ದ ನಿವೃತ್ತ ಡ್ರೈವರೊಬ್ಬರು ಉಳಿಯಲಿಲ್ಲ.

ಆಸ್ಪತ್ರೆಯ ನಿರ್ದೇಶಕ ಡಾಕ್ಟರ್ ಜಹಗೀರದಾರರು ಪ್ರಮೀಳಾರನ್ನು ಕರೆಸಿದರು. ಜಹಗೀರದಾರರು ಕೆಟ್ಟ ಮನುಷ್ಯರಲ್ಲ. ಅವರ ಕಣ್ಣೂ ಕೆಂಪಾಗಿತ್ತು.

"ಹಾಳಿ ಬದಲಿಸೋಣ, ಯಂತ್ರ ಬದಲಿಸೋಣ, ದಿನಾ ಫೋನ್ ಮಾಡೋಣ. ಎಲ್ಲಾ ಆಗಲಿ. ಆದರ ನಮ್ಮ ತಪ್ಪು ಅಂತ ಬರವಣಿಗೆಯೊಳಗ ಹೊರಗ ಹೋಗೂದು ಬ್ಯಾಡ, ಪ್ರಮೀಳಾ. ಪ್ರಯೋಗ ನಿಲ್ಲಸ್ತಾರ. ಉಳದ ಮಂದಿ ಗುಳಿಗಿ ತಗೀಬೇಕಾಗತದ. ಗಡ್ಡಿ ಏಳ್ತಾವ. ಅವರಿಗೇನು ಹೇಳ್ತಿ?"

ಜಹಗೀರದಾರರು ಹೇಳುತ್ತಿದ್ದುದು ಸುಳ್ಳಾಗಿರಲಿಲ್ಲ.

ಮುಂದಿನ ಸೋಮವಾರ, ದ್ಯಾಮಣ್ಣ ತೀರಿಕೊಂಡು ವಾರವಾದ ದಿನ, ಪ್ರಮೀಳಾ ಒಬ್ಬರೇ ಬೆಟಗೇರಿಗೆ ಹೋದರು. ಓಣಿಯ ತಿರುವಿನಲ್ಲಿ ಮನೆ ಕೇಳಿದಾಗ ನೀರು ತುಂಬುತ್ತಿದ್ದ ಹೆಂಗಸೊಬ್ಬಳು ತೋರಿಸಿದಳು. ತಾನಾಗಿಯೇ ಮಾತು ಸೇರಿಸಿದಳು. "ಗಂಡ ನಾಕ ದಿನದಿಂದ ಬಿದ್ದಕೊಂಡಿದ್ರೂ ಮನ್ಯಾಗ ಇಟ್ಟಕೊಂಡ ಕುಂತ್ಲಂತ್ರಿ. ಅತ್ತಿನ ಹೇಳ್ಯಾಳ. ಅಂಥಾಕಿ ನೋಡ್ರಿ ಆಕಿ."

ಗಿರಣಿ ಆಗಲೇ ಚಾಲೂ ಆಗಿತ್ತು. ಹಿಟ್ಟಿನ ದೂಳಿನಲ್ಲಿ ಕಸ್ತೂರೆವ್ವ ತಲೆತುಂಬ ಸೆರಗು ಹೊದ್ದು ಜೋಳ ಸುರಿಯುತ್ತಿದ್ದಳು. ಡಬ್ಬಿ ಇಟ್ಟುಕೊಂಡು ಕೂತಿದ್ದ ಏಳೆಂಟು ಹೆಂಗಸರಲ್ಲಿ ಯಾರೂ ಅವಳ ಜತೆ ಮಾತಾಡುತ್ತಿರಲಿಲ್ಲ.

ಒಳಗೆ ಹೋದರೆ ಅಡುಗೆಮನೆಯ ನೆಲದ ಮೇಲೆ ಪೂರ್ಣಿ ಕೂತಿದ್ದಳು. ಮುಂದೆ ಮೂರು ಬಟ್ಟಲು. ಒಂದರಲ್ಲಿ ಬಿಸಿನೀರು, ಒಂದರಲ್ಲಿ ಉಗುರುಬೆಚ್ಚಗಿನದು, ಒಂದರಲ್ಲಿ ತಣ್ಣೀರು. ಥರ್ಮಾಮೀಟರನ್ನು ಒಂದೊಂದರಲ್ಲೂ ಅದ್ದಿ, ತನ್ನ ಕಂಕುಳಲ್ಲಿಟ್ಟು, ಮತ್ತೆ ಅದ್ದಿ ನೋಡುತ್ತಿದ್ದಳು. ನೋಟ್‌ಬುಕ್ಕಿನ ಕೊನೆಯ ಪುಟಗಳಲ್ಲಿ ಹೊಸ ಅಂಕಿಗಳು ತುಂಬಿದ್ದವು. ಶಾಲೆಗೆ ಹೋಗಿಲ್ಲವೇ ಎಂದು ಪ್ರಮೀಳಾ ಕೇಳಿದಾಗ ತಲೆ ಎತ್ತಲಿಲ್ಲ.

"ವಾರ ಆತ್ರಿ, ಹಿಂಗ ಮಾಡಾಕತ್ತಾಳ. ಹಿಡಿಯೂದು ತಪ್ಪಿತ್ತೇನೋ, ಲಗೂನ ತಗದ್ನೇನೋ ಅಂತ ಒಂದ ಸಮನ ಅಂತಾಳ" ಎಂದಳು ಹಿಂದೆ ಬಂದು ನಿಂತ ಕಸ್ತೂರೆವ್ವ.

ಪ್ರಮೀಳಾ ಹುಡುಗಿಯ ಎದುರಿಗೆ ನೆಲದ ಮೇಲೆ ಕೂತರು. ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದ ನಿಂಬೆವ್ವಳೂ ಎದ್ದು ಕೂತಳು.

"ಪೂರ್ಣಾ, ನೀ ತಪ್ಪು ಹಿಡದಿಲ್ಲ. ನಿಮ್ಮಪ್ಪಗ ಜ್ವರ ಬಂದಿರಲೇ ಇಲ್ಲ. ಬರಲಿಕ್ಕೆ ಸಾಧ್ಯನ ಇರಲಿಲ್ಲ. ನೀ ಆವತ್ತು ಕೇಳಿದೆಲ್ಲ, ಖರೇ ಗಾಯದ ಕೂಗನ್ನೂ ಹೀರತದೇನು ಅಂತ? ಹೀರತದ. ಪೂರಾ ಹೀರತದ. ಆ ಕೂಗಿಲ್ಲಂದ್ರ ಗಾಯ ಬಾಯಂಗಿಲ್ಲ, ಮೈ ಬಿಸಿ ಆಗಂಗಿಲ್ಲ. ವಿಷ ಏರಿದರೂ ಥರ್ಮಾಮೀಟರಿಗೆ ಗೊತ್ತಾಗಂಗಿಲ್ಲ. ಜ್ವರ ಬಂದ್ರ ಬರ್ರಿ ಅಂತ ಹಾಳ್ಯಾಗ ಬರದದ್ದು ತಪ್ಪು. ಆ ಹಾಳಿಗೆ ಸಹಿ ಮಾಡಿದಾಕಿ ನಾನು."

ಹೊರಗೆ ಗಿರಣಿ ಓಡುತ್ತಲೇ ಇತ್ತು. ಪೂರ್ಣಿ ಮೊದಲ ಸಲ ಅವರನ್ನು ನೋಡಿದಳು.

"ನಿಮಗ ಗೊತ್ತಿತ್ತೇನ್ರಿ, ಜ್ವರ ಬರಂಗಿಲ್ಲಂತ?"

"ಗೊತ್ತಿತ್ತು" ಎಂದರು ಪ್ರಮೀಳಾ. "ಓದಿದ್ದೆ. ನಾನ ಬರದಿದ್ದೆ. ಆ ಹಾಳಿ ನೋಡುವಾಗ ನೆನಪಾಗಲಿಲ್ಲ."

ಕಸ್ತೂರೆವ್ವ ಬಾಗಿಲ ಚೌಕಟ್ಟು ಹಿಡಿದುಕೊಂಡಿದ್ದಳು. ಅಲ್ಲಿಂದಲೇ ಕೇಳಿದಳು. "ಗುರುವಾರ ಕರಕೊಂಡ ಬಂದಿದ್ರ ಉಳೀತಿದ್ರೇನ್ರಿ?"

ದಾರಿಯುದ್ದಕ್ಕೂ ಪ್ರಮೀಳಾ ಹೆದರಿದ್ದು ಈ ಪ್ರಶ್ನೆಗೆ. ಹೇಳಲಾಗದು, ದೇಹದ ಮಾತು, ಯಾರ ಕೈಯಲ್ಲಿದೆ ಎಂದು ಅವರು ಎಷ್ಟೋ ಮನೆಯವರಿಗೆ ಹೇಳಿದ್ದುಂಟು.

"ಉಳೀತಿದ್ರು. ಗುರುವಾರ ಬಂದಿದ್ರ ಉಳೀತಿದ್ರು. ಶನಿವಾರ ನಮ್ಮ ಹುಡುಗ ಫೋನ್ ಮಾಡಿದಾಗ ನಾ ಬರ್ರಿ ಅಂದಿದ್ರೂ ಬಹುಶಃ ಉಳೀತಿದ್ರು."

ಕಸ್ತೂರೆವ್ವ ಸೆರಗಿನಿಂದ ಮುಖದ ಮೇಲಿನ ಹಿಟ್ಟು ಒರೆಸಿಕೊಂಡಳು. "ಇದನ್ನ ಬರದ ಕೊಡ್ರಿ" ಎಂದಳು. "ಹಾಳಿ ಕೊಟ್ಟಿದ್ದಕ್ಕ ನಾವು ಹಾಳಿ ನಂಬಿದ್ವಿ. ಬಾಯಿಮಾತು ಯಾರ ನಂಬತಾರ? ನಾಳೆ ಈ ಹುಡುಗಿ ದೊಡ್ಡಾಕಿ ಆದ ಮ್ಯಾಲೂ ಬೇಕಾಗತೈತಿ."

ಜಹಗೀರದಾರರ ಮಾತು ಪ್ರಮೀಳಾ ಅವರ ಕಿವಿಯಲ್ಲಿತ್ತು. ಉಳಿದ ರೋಗಿಗಳ ಮುಖಗಳೂ ಕಣ್ಣೆದುರಿಗಿದ್ದವು. ಆದರೂ ಚೀಲದಿಂದ ಆಸ್ಪತ್ರೆಯ ಹೆಸರಿದ್ದ ಕಾಗದ ತೆಗೆದು, ಅಡುಗೆಮನೆಯ ಮಣೆಯ ಮೇಲಿಟ್ಟು ಬರೆದರು. ಕನ್ನಡದಲ್ಲೇ ಬರೆದರು. ಸಹಿ ಮಾಡಿ, ತಾರೀಖು ಹಾಕಿ, ಗಟ್ಟಿಯಾಗಿ ಓದಿ ಹೇಳಿದರು.

ಕೇಳಿ ಮುಗಿದ ಮೇಲೆ ನಿಂಬೆವ್ವ ಗೋಡೆ ಹಿಡಿದು ಎದ್ದಳು. ಸೊಸೆಯ ಮುಖ ನೋಡಲು ಅವಳಿಂದಾಗಲಿಲ್ಲ.

"ನಾ ಓಣಿ ತುಂಬ ಹೇಳಿ ಬಂದೇನ್ರಿ, ಇಕಿ ನನ್ನ ಮಗನ್ನ ಕೊಂದ್ಲು ಅಂತ. ಇದ ಮನ್ಯಾಗ ಓದಿದ್ರ ಸಾಲಂಗಿಲ್ಲ. ಬರ್ರಿ ಹೊರಗ" ಎಂದು ಪ್ರಮೀಳಾರ ಮುಂಗೈ ಹಿಡಿದಳು. ಗಿರಣಿಯ ಬಾಗಿಲಿಗೆ ಹೋಗಿ, "ಬಂದ್ ಮಾಡ ಕಸ್ತೂರಿ ಅದನ್ನ" ಎಂದಳು.

ಹಿಂದೆಯೇ ಬಂದ ಕಸ್ತೂರೆವ್ವ ಗಿರಣಿ ನಿಲ್ಲಿಸಿದಳು. ಹೆಂಗಸರು ತಲೆಯೆತ್ತಿ ನೋಡಿದರು.

ಪ್ರಮೀಳಾ ಹೊಸ್ತಿಲ ಮೇಲೆ ನಿಂತು ಓದತೊಡಗಿದರು. ಸೆಮಿನಾರುಗಳಲ್ಲಿ ಸಾವಿರ ಜನರ ಮುಂದೆ ಮಾತಾಡಿದವರು. ಈಗ 'ದ್ಯಾಮಣ್ಣ ಅವರ ಸಾವಿಗೆ ಅವರ ಮನೆಯವರ ಅಲಕ್ಷ್ಯ ಕಾರಣವಲ್ಲ. ನಾವು ಕೊಟ್ಟ ತಪ್ಪು ಸೂಚನೆ ಕಾರಣ' ಎಂಬಲ್ಲಿಗೆ ಬಂದು ಮುಂದೆ ಓದಲಾಗಲಿಲ್ಲ. ಕಾಗದ ಕೆಳಗಿಳಿಸಿದರು.

ಪೂರ್ಣಿ ಪಕ್ಕಕ್ಕೆ ಬಂದು ಆ ಕಾಗದವನ್ನು ತೆಗೆದುಕೊಂಡಳು. ಶಾಲೆಯಲ್ಲಿ ಪಾಠ ಓದುವ ಹಾಗೆ, ಬೆರಳಿಟ್ಟು, ಏರಿಳಿತವಿಲ್ಲದೆ ಓದಿದಳು.

"'ಅವರ ಹೆಂಡತಿ ಕಸ್ತೂರೆವ್ವ ನಾವು ಹೇಳಿದ್ದನ್ನೆಲ್ಲ ತಪ್ಪದೆ ಪಾಲಿಸಿದ್ದಾರೆ. ಅವರ ಮಗಳು ಅನ್ನಪೂರ್ಣಾ ಏಳು ತಿಂಗಳು, ದಿನಕ್ಕೆ ಮೂರು ಸಲ ತಾಪ ನೋಡಿ ಬರೆದಿದ್ದಾಳೆ. ಅವಳು ತೆಗೆದ ಪ್ರತಿಯೊಂದು ಅಳತೆಯೂ ಸರಿಯಾಗಿತ್ತು.'"

ಅಲ್ಲಿಗೆ ನಿಲ್ಲಿಸಿ, ಆ ಕೊನೆಯ ಸಾಲನ್ನು ಇನ್ನೊಮ್ಮೆ ಓದಿದಳು, ಈ ಸಲ ಮೆಲ್ಲಗೆ. ಆಮೇಲೆ ಕಾಗದ ಮಡಚಿ ತಾಯಿಯ ಕೈಗೆ ಕೊಟ್ಟು, ಅಪ್ಪ ಕೂರುತ್ತಿದ್ದ ಕಟ್ಟೆಯ ಮೇಲೆ ಕುಸಿದು ಅಳತೊಡಗಿದಳು. ವಾರದಲ್ಲಿ ಅದೇ ಮೊದಲು ಅವಳು ಅತ್ತದ್ದು. ನಿಂಬೆವ್ವ ಹೋಗಿ ಪಕ್ಕದಲ್ಲಿ ಕೂತಳು. ಕಸ್ತೂರೆವ್ವ ಇನ್ನೊಂದು ಪಕ್ಕದಲ್ಲಿ ಕೂತಳು. ಜೋಳ ತಂದ ಹೆಂಗಸರಲ್ಲಿ ಯಾರೂ ಎದ್ದುಹೋಗಲಿಲ್ಲ.

ಪ್ರಮೀಳಾ ಅದೇ ಮಾತುಗಳನ್ನು ಸರ್ಕಾರದ ಔಷಧ ನಿಯಂತ್ರಕರಿಗೂ ಬರೆದರು. ಪ್ರಯೋಗ ಐದು ತಿಂಗಳು ನಿಂತಿತು, ಎಲ್ಲರ ಗುಳಿಗೆ ತೆಗೆದರು. ಆ ಐದು ತಿಂಗಳಲ್ಲಿ ಏಳು ಜನರ ಗಡ್ಡೆ ಎದ್ದಿತು, ಅವರಲ್ಲಿ ನಾಲ್ವರು ತೀರಿಕೊಂಡರು. ನಾಲ್ವರ ಮನೆಗೂ ಪ್ರಮೀಳಾ ಹೋದರು. ಒಂದು ಮನೆಯವರು ಬಾಗಿಲು ತೆಗೆಯಲಿಲ್ಲ. ಮತ್ತೆ ಪ್ರಯೋಗ ಶುರುವಾದಾಗ ಅವರು ಅದರ ಮುಖ್ಯಸ್ಥೆಯಾಗಿರಲಿಲ್ಲ. ಹೊಸ ಹಾಳೆಯನ್ನು ಬರೆಯುವ ಕೆಲಸವೊಂದನ್ನು ಮಾತ್ರ ತಾವೇ ಕೇಳಿ ಪಡೆದುಕೊಂಡರು. ಅದಕ್ಕಾಗಿ ಬೆಟಗೇರಿಗೆ ಇನ್ನೆರಡು ಸಲ ಹೋಗಿ, ಆ ನಾಲ್ಕು ದಿನ ದ್ಯಾಮಣ್ಣ ಹೇಗಿದ್ದ, ಏನು ತಿಂದ, ಏನು ಬಿಟ್ಟ, ಯಾವಾಗ ಕೂತ, ಯಾವಾಗ ಮಲಗಿದ ಎಂದು ಕಸ್ತೂರೆವ್ವಳನ್ನು ಕೇಳಿ ಬರೆದುಕೊಂಡರು. ಅವಳು ಒಂದೊಂದನ್ನೂ ನೆನಪಿಸಿಕೊಂಡು, ನಡುನಡುವೆ ನಿಲ್ಲಿಸಿ, ಮತ್ತೆ ಹೇಳುತ್ತ ಹೋದಳು.